ಮೇಲಿನ ದೀಪ, ಕೆಳಗಿನ ದೀಪ

ಮಾರ್ಚ್ 3, ಸೋಮವಾರ. ಮಧ್ಯಾಹ್ನ 2.30

ಏಳನೇ ಮನೆ ಮುಗಿಸಿ ಮೆಟ್ಟಿಲಿಳಿದೆ. ರಕ್ತದ ಟ್ಯೂಬುಗಳನ್ನು ಐಸ್ ಬಾಕ್ಸಿಗೆ ಹಾಕಿ, ಬಾಕ್ಸನ್ನು ಹಿಂದಿನ ಸೀಟಿಗೆ ಕಟ್ಟಿ, ಕೀ ತಿರುಗಿಸಿ, ಗುಂಡಿ ಒತ್ತಿದೆ. ಟಿಕ್. ಇನ್ನೊಮ್ಮೆ—ಟಿಕ್. ಅಷ್ಟೇ. ಬ್ಯಾಟರಿ ಮತ್ತೆ ಮಲಗಿದೆ. ಈ ಬೈಕಿಗೆ ಕಿಕ್ ಇಲ್ಲ. ಕೊಳ್ಳುವಾಗ ಅದೇ ದೊಡ್ಡ ಸುಖ ಅಂದುಕೊಂಡಿದ್ದೆ. ಪೇಪರ್ ಹಾಕುವವನು ಪಾಪ, ಎರಡು ಬೀದಿ ತಳ್ಳಿದ. ಬೈಕು ಕೆಮ್ಮಲೂ ಇಲ್ಲ.

ಆಟೋ ಸಿಗುವಷ್ಟರಲ್ಲಿ ಐವತ್ತು ನಿಮಿಷ. ಲ್ಯಾಬ್ ಮುಟ್ಟಿದಾಗ ಒಂದು ಟ್ಯೂಬು ಕೆಟ್ಟಿತ್ತು. ಯಾರದು ಅಂದರೆ, ನಿವೃತ್ತ ಟೀಚರಮ್ಮನದೇ. ಎಂಬತ್ತೆರಡು ವರ್ಷ, ನೂಲಿನಂಥ ನರ, ಬೆಳಿಗ್ಗೆ ಎರಡು ಸಲ ಚುಚ್ಚಿ ಸಿಕ್ಕಿದ ರಕ್ತ. ಹನ್ನೊಂದಕ್ಕೆ ಮತ್ತೆ ಅವರ ಬಾಗಿಲು ತಟ್ಟಬೇಕಾಯಿತು.

"ಏನಮ್ಮ, ಬೆಳಿಗ್ಗೆ ತಗೊಂಡಿದ್ದನ್ನ ದಾರೀಲಿ ಕುಡಿದುಬಿಟ್ಯಾ?" ಅಂದರು. ನಗುತ್ತಲೇ ಇನ್ನೊಂದು ಕೈ ಚಾಚಿದರು. ನನಗೆ ನಗು ಬರಲಿಲ್ಲ.

ಲ್ಯಾಬಿನ ಡಾಕ್ಟರ್ ಮೇಡಂ ದನಿ ಏರಿಸುವವರಲ್ಲ. ಅದೇ ಕಷ್ಟ. "ಜನವರಿಯಿಂದ ಇದು ಮೂರನೇ ಸಲ. ಈ ತಿಂಗಳು ನೋಡೋಣ. ಇನ್ನೊಂದು ಸಲ ಗಾಡಿ ಕೈಕೊಟ್ರೆ, ಏಪ್ರಿಲ್‌ನಿಂದ ನೀವು ಕೌಂಟರ್‌ಗೆ ಬನ್ನಿ. ಮನೆಮನೆ ಸುತ್ತೋಕೆ ಬೇರೆಯವರನ್ನ ನೋಡ್ತೀನಿ." ಸರಿ ಮೇಡಂ ಅಂದೆ. ಏನು ಸರಿ?

ಎಂಟು ವರ್ಷ ಕೌಂಟರಿನಲ್ಲಿದ್ದೆ. ಗಾಜಿಗೊಂದು ತೂತು, ತೂತಿಗೊಂದು ಬಾಯಿ. ಹೆಸರು, ವಯಸ್ಸು, ಖಾಲಿ ಹೊಟ್ಟೆನಾ? ಕೆಲಸಕ್ಕೆ ಇಷ್ಟಪಟ್ಟು ಹೊರಟದ್ದು ಈ ಎರಡು ವರ್ಷ ಮಾತ್ರ. ಆರು ಗಂಟೆಗೆ ತಲೆ ಬಾಚದೆ, ಹಲ್ಲಿನ ಸೆಟ್ ಹಾಕದೆ ಬಾಗಿಲು ತೆಗೆಯುವ ಜನ. ಆ ಹೊತ್ತಿನಲ್ಲಿ ಯಾರೂ ನಾಟಕ ಆಡುವುದಿಲ್ಲ.

ಬೈಕು ನನ್ನದು, ತಪ್ಪೂ ನನ್ನದೇ ಇರಬೇಕು. ಕೀ ಆನ್ ಬಿಟ್ಟು ಹೋಗಿದ್ದೆನಾ? ಹಾರ್ನ್ ಜಾಸ್ತಿಯಾ? ನೆನಪಾಗುತ್ತಿಲ್ಲ. ನೆನಪಾಗದಿದ್ದರೂ ಒಪ್ಪಿಕೊಳ್ಳಲು ತಯಾರಾಗಿದ್ದೇನೆ, ಯಾವತ್ತಿನ ಹಾಗೆ.

ಮಾರ್ಚ್ 4, ಮಂಗಳವಾರ. ಸಂಜೆ

ಇವರು ಬ್ಯಾಟರಿ ಚಾರ್ಜ್ ಮಾಡಿಸಿ ತಂದರು. ಬ್ಯಾಟರಿಗೆ ಏನೂ ಆಗಿಲ್ಲವಂತೆ. ಹಾಗಾದರೆ ನನಗೆ ಆಗಿದೆ.

ಅಪ್ಪ ಕೇಳಿಸಿಕೊಳ್ಳುತ್ತ ಕೂತಿದ್ದರು. ಅಮ್ಮ ಹೋದ ಮೇಲೆ, ಜನವರಿಯಿಂದ ನಮ್ಮ ಜೊತೆ ಇದ್ದಾರೆ. ಐವತ್ತು ವರ್ಷ ವಾಹನಗಳ ವೈರಿಂಗ್ ಮಾಡಿದ ಕೈ, ಈಗ ಮಾಡಲು ಕೆಲಸವಿಲ್ಲ. ಇರುವುದು ಒಂದೇ. ಬೆಳಿಗ್ಗೆ ಐದಕ್ಕೆ ಎದ್ದು ನನ್ನ ಬೈಕನ್ನು ಅಂಗಳಕ್ಕೆ ತಳ್ಳಿ, ಸ್ಟಾರ್ಟ್ ಮಾಡಿ, ಬೆಚ್ಚಗೆ ಮಾಡಿ ಇಡುವುದು. ಕಾಲು ಗಂಟೆ. ನಾನು ಬಾಕ್ಸ್ ಹೊತ್ತು ಬರುವಷ್ಟರಲ್ಲಿ ಸಣ್ಣಗೆ ಗುರುಗುಟ್ಟುತ್ತಿರುತ್ತದೆ. ಬೇಡ ಅಂದರೂ ಕೇಳುವುದಿಲ್ಲ. ಬೇಡ ಅಂತ ನಾನೂ ಗಟ್ಟಿಯಾಗಿ ಹೇಳಿಲ್ಲ. ನನಗಿಂತ ಮೊದಲು ಯಾರೋ ನನಗಾಗಿ ಎದ್ದಿದ್ದಾರೆ ಅನ್ನುವುದು...

"ಬ್ಯಾಟರಿ ಹೇಳದೆ ಕೇಳದೆ ಸಾಯಲ್ಲ ಪುಟ್ಟಿ. ಮೊದಲೇ ಹೇಳುತ್ತೆ. ಅದಕ್ಕೊಂದು ಬಾಯಿ ಕೊಡ್ಬೇಕು ಅಷ್ಟೇ." ಹ್ಯಾಂಡಲ್ ಪಕ್ಕ ಒಂದು ಸಣ್ಣ ದೀಪ ಕೂರಿಸುತ್ತಾರಂತೆ. ಬ್ಯಾಟರಿ ತುಂಬುತ್ತಿದ್ದರೆ ಹಸಿರು, ಇಳಿಯುತ್ತಿದ್ದರೆ ಕೆಂಪು.

ಇವರು ಬಿಡುತ್ತಾರೆಯೇ. "ಮಾವ, ಇನ್ನೊಂದು ತಂದು ನಿಮ್ಮ ಮಗಳ ಹಣೆಗೂ ಹಾಕಿಬಿಡಿ. ಯಾವಾಗ ಮಾತಾಡಿಸ್ಬಹುದು, ಯಾವಾಗ ಬಾರದು ನನಗೂ ಗೊತ್ತಾಗ್ಲಿ."

"ನಮ್ಮ ಮನೇಲೂ ಅಂಥ ದೀಪ ಇರ್ಲಿಲ್ಲ ಅಳಿಯಂದ್ರೇ. ನಾನು ಕತ್ತಲಲ್ಲೇ ಸಂಸಾರ ಮಾಡಿದೋನು."

ಅಮ್ಮ ಹೋದ ಮೇಲೆ ಅಪ್ಪ ಆಡಿದ ಮೊದಲ ತಮಾಷೆ. ಅದಕ್ಕೇ ಬರೆದಿಟ್ಟೆ.

ಮಾರ್ಚ್ 9, ಭಾನುವಾರ

ದೀಪ ಕೂತಿತು. ಒಂಬತ್ತಕ್ಕೆ ಶುರು, ಮುಗಿದದ್ದು ಹನ್ನೆರಡೂವರೆಗೆ. ನನ್ನ ಕೆಲಸ ಸ್ಕ್ರೂ ಹಿಡಿದುಕೊಳ್ಳುವುದು, ಕೇಳಿದ್ದಕ್ಕೆ ಉತ್ತರ ಹೇಳುವುದು.

ಹೆಡ್‌ಲೈಟ್ ಬಿಚ್ಚಿದರೆ ಒಳಗೆ ವೈರುಗಳ ಗೊಂಚಲು. ಅಪ್ಪ ಬಗ್ಗಿ ನೋಡುವುದೇ ಇಲ್ಲ. ಎಲ್ಲಿಂದ ಬಂತು ಅಂತ ಒಂದೊಂದನ್ನೂ ಬೆರಳಲ್ಲೇ ಹಿಡಿದು ಹಿಂದಕ್ಕೆ ಹೋಗುತ್ತಾರೆ. ಆಮೇಲೆ ಕರೆಂಟ್ ಇದ್ದರೆ ಉರಿಯುವ ಟೆಸ್ಟ್ ಬಲ್ಬಿನ ಮೊನೆ ತಾಗಿಸುತ್ತಾರೆ. ಕೀ ಹಾಕು. ತೆಗಿ. ಹಾಕು.

"ನೇರ ಬ್ಯಾಟರಿಗೇ ಕೊಟ್ರೆ ಸುಲಭ ಅಲ್ವಾ ಅಪ್ಪ?"

"ಕೊಟ್ರೆ ಹಗಲೂ ರಾತ್ರಿ ಉರಿಯುತ್ತೆ. ಬ್ಯಾಟರಿ ಕಾಯೋಕೆ ಇಟ್ಟ ದೀಪವೇ ಬ್ಯಾಟರಿ ಕುಡಿದ್ರೆ? ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಕೀ ಹಾಕಿದಾಗ ಮಾತ್ರ ಕರೆಂಟ್ ಬರೋ ವೈರ್ ಬೇಕು."

ಸಿಕ್ಕಿತು. "ಇದು ಯಾವ ಬಣ್ಣ?" ಕಂದು ಅಂದೆ. "ಗಟ್ಟಿ ಹಿಡ್ಕೋ, ಬಿಡಬೇಡ." ಸುಲಿದು, ಸುತ್ತಿ, ಬೆಸುಗೆ ಹಾಕಿ, ಟೇಪ್ ಸುತ್ತಿದರು. ಕೈ ಸ್ವಲ್ಪವೂ ನಡುಗಲಿಲ್ಲ. ಊಟದ ತಟ್ಟೆ ಹಿಡಿದಾಗ ನಡುಗುವ ಕೈ ಅದೇ.

ಕೊನೆಗೆ ಎಂಜಿನ್ ಜೋರು ಮಾಡಿಸಿದರು. "ಈಗ ಯಾವ ಬಣ್ಣ ಹೇಳು." ಹಸಿರು. "ಎಂಜಿನ್ ಆರಿಸು. ಕೀ ಮಾತ್ರ ಹಾಕು. ಈಗ?" ಕೆಂಪು. "ಹಾಗಾದ್ರೆ ಆಯ್ತು," ಅಂದು ಅಲ್ಲೇ ನೆಲದ ಮೇಲೆ ಕೂತರು. ಹತ್ತು ವರ್ಷ ಚಿಕ್ಕವರಾದ ಹಾಗೆ ಕಂಡರು.

ಮಾರ್ಚ್ 10, ಸೋಮವಾರ

ಹನ್ನೆರಡು ಮನೆ. ಒಂದೂ ಟಿಕ್ ಇಲ್ಲ. ದಾರಿಯುದ್ದಕ್ಕೂ ಹಸಿರು. ಎರಡು ಸಲ ಸಿಗ್ನಲ್ ನೋಡುವುದು ಬಿಟ್ಟು ಅದನ್ನೇ ನೋಡಿದೆ.

ಮಾರ್ಚ್ 13, ಗುರುವಾರ

ಬೆಳಿಗ್ಗೆ ಬಾಕ್ಸ್ ತರುವಾಗ ಅಪ್ಪ ಅಂಗಳದಿಂದಲೇ ಹೇಳಿದರು, "ಹಸಿರು ಇದೆ, ಹೊರಡು." ಹತ್ತಿ ಕೂತೆ. ಕೆಂಪು. ಅಷ್ಟರಲ್ಲಿ ಬದಲಾಯಿತೇನೋ. ಮೊದಲ ಮನೆಗೆ ನೇರ ಹೋಗದೆ ದೊಡ್ಡ ರಸ್ತೆ ಸುತ್ತಿದೆ. ಹತ್ತು ನಿಮಿಷಕ್ಕೆ ಹಸಿರು. ದೀಪ ಇರದಿದ್ದರೆ ಇವತ್ತು ಎಲ್ಲೋ ನಿಲ್ಲುತ್ತಿದ್ದೆ. ಅಪ್ಪನಿಗೆ ಇದನ್ನು ಹೇಳಬೇಕು.

ಹೇಳಲಿಲ್ಲ. ಯಾಕೆ?

ಮಾರ್ಚ್ 15, ಶನಿವಾರ. ಬೆಳಿಗ್ಗೆ 10.40, ಲ್ಯಾಬಿನಲ್ಲಿ

ಇವತ್ತು ಬೇಗ ಹೊರಬಂದು ಪಕ್ಕದಲ್ಲೇ ನಿಂತೆ. ಎಂಜಿನ್ ಓಡುತ್ತಿದೆ. ಇಬ್ಬರ ಕಣ್ಣೆದುರಿಗೇ ದೀಪ. ಕೆಂಪು, ಅಚ್ಚ ಕೆಂಪು. ಇನ್ನೂ ಬೆಳಕು ಹರಿದಿರಲಿಲ್ಲ, ಕಣ್ತಪ್ಪಿಗೆ ಅವಕಾಶವೇ ಇಲ್ಲ.

"ನೋಡು, ಹಸಿರು," ಅಂದರು ಅಪ್ಪ, ಖುಷಿಯಾಗಿ.

ಹೂಂ ಅಂದೆ. ಹತ್ತಿ ಹೊರಟೆ. ಬೀದಿ ತಿರುಗಿದ ಮೇಲೆ ನಿಲ್ಲಿಸಿ ದೀಪವನ್ನು ಇನ್ನೊಮ್ಮೆ ನೋಡಿದೆ. ಕೆಂಪೇ.

ಮಾರ್ಚ್ 17, ಸೋಮವಾರ

ನನ್ನ ಹನ್ನೆರಡು ಮನೆಗಳಲ್ಲಿ ಎರಡರಲ್ಲಿ ಮರೆವಿನ ಕಾಯಿಲೆಯವರಿದ್ದಾರೆ. ಶುರುವಾಗುವುದು ಹೀಗೆಯೇ. ವಸ್ತು ಎದುರಿಗೇ ಇರುತ್ತದೆ, ಹೆಸರು ಬೇರೆ ಬರುತ್ತದೆ. ಆಮೇಲೆ ಒಲೆ ಆರಿಸುವುದು ಮರೆಯುತ್ತದೆ. ಆಮೇಲೆ ಮನೆಯ ದಾರಿ.

ಅಪ್ಪನಿಗೂ ಹಾಗಾದರೆ? ಇವರು ಆರಕ್ಕೇ ಪ್ರಿಂಟಿಂಗ್ ಪ್ರೆಸ್ಸಿಗೆ ಹೋಗುತ್ತಾರೆ. ನಾನು ಐದೂಕಾಲಿಗೆ ಹೊರಟರೆ ಮಧ್ಯಾಹ್ನದವರೆಗೆ ಇಲ್ಲ. ಕೌಂಟರಾದರೆ ಮಧ್ಯಾಹ್ನದ ಪಾಳಿ ಕೇಳಬಹುದು, ಅಷ್ಟರಲ್ಲಿ ಇವರು ಬಂದಿರುತ್ತಾರೆ. ಮೇಡಂ ಹೇಳುವವರೆಗೂ ಕಾಯಬೇಕಿಲ್ಲ, ನಾನೇ ಹೋಗಿ ಕೌಂಟರ್ ಕೊಡಿ ಅನ್ನಬೇಕು.

ಇಂಗ್ಲಿಷಿನಲ್ಲಿ ಬರೆಯಲು ಕೂತಿದ್ದೆ. ನನಗೆ ಅದೇ ಸಲೀಸು. ಆದರೆ ಅದರಲ್ಲಿ ಬರೆದದ್ದೆಲ್ಲ ಕೇಸ್ ರಿಪೋರ್ಟ್ ಆಗುತ್ತದೆ. ಕನ್ನಡದಲ್ಲಾದರೆ ತಪ್ಪಿಸಿಕೊಳ್ಳಲಾಗುವುದಿಲ್ಲ. ಹಾಗಾಗಿ ಬರೆಯುತ್ತೇನೆ: ಶನಿವಾರ ಬೀದಿ ತಿರುಗಿದಾಗ ಮೊದಲು ನೆನಪಾದದ್ದು ಯಾವುದು, ಅಪ್ಪನಾ, ನನ್ನ ಹನ್ನೆರಡು ಮನೆಯ ರೂಟಾ? ರೂಟು. ಅಪ್ಪ ಎರಡನೆಯದು. ನಾಚಿಕೆಯಾಗುತ್ತದೆ. ಬರೆದದ್ದನ್ನು ಹೊಡೆದುಹಾಕುವುದಿಲ್ಲ.

ಮಾರ್ಚ್ 20, ಗುರುವಾರ. ಸಂಜೆ 6.00

ಕೈ ಓಡುತ್ತಿಲ್ಲ, ಆದರೂ ಇವತ್ತೇ ಬರೆಯಬೇಕು.

ಅಪ್ಪನ ಬಿ ಟ್ವೆಲ್ವ್, ಶುಗರ್, ಥೈರಾಯಿಡ್ ನೋಡೋಣ ಅಂದುಕೊಂಡೆ. ಕೆಲವು ಸಲ ಮರೆವು ಅಲ್ಲಿಂದ ಬಂದಿರುತ್ತದೆ, ಗುಳಿಗೆಗೆ ಹೋಗುತ್ತದೆ. ಮಧ್ಯಾಹ್ನ ಬಂದವಳೇ "ವಯಸ್ಸಾದ ಮೇಲೆ ವರ್ಷಕ್ಕೊಂದು ಸಲ ಮಾಡಿಸ್ಬೇಕು" ಅಂತ ಸುಳ್ಳಿನ ಹಾಗಿರುವ ನಿಜ ಹೇಳಿ, ಅಪ್ಪನ ತೋಳಿಗೆ ಪಟ್ಟಿ ಕಟ್ಟಿದೆ.

"ಊರಿನ ರಕ್ತ ಎಲ್ಲ ಮುಗೀತಾ? ಈಗ ಮನೆಗೇ ಕೈ ಹಾಕಿದೆ," ಅಂದರು.

ಒಂದೇ ಸಲಕ್ಕೆ ನರ ಸಿಕ್ಕಿತು. ಮೇಜಿನ ಮೇಲೆ ಎರಡು ಟ್ಯೂಬು, ಒಂದರ ಮುಚ್ಚಳ ಕೆಂಪು, ಇನ್ನೊಂದರದು ಹಸಿರು. "ಅಪ್ಪ, ಆ ಕೆಂಪು ಮುಚ್ಚಳದ್ದು ಕೊಡಿ," ಅಂದೆ. ಯಾರನ್ನೂ ಹಾಗೆ ಕೇಳಿದವಳಲ್ಲ, ಎಲ್ಲ ನನ್ನ ಕೈಯಳತೆಯಲ್ಲೇ ಇರುತ್ತದೆ. ಬೇಕೆಂತಲೇ ಕೇಳಿದೆನಾ? ಹೌದು.

ಅಪ್ಪನ ಕೈ ಎರಡರ ಮೇಲೂ ಒಂದು ಕ್ಷಣ ನಿಂತಿತು. ಹಸಿರನ್ನು ಎತ್ತಿ ಕೊಟ್ಟರು.

ಕೆಂಪನ್ನು ನಾನೇ ತೆಗೆದುಕೊಂಡು ಎರಡನ್ನೂ ತುಂಬಿದೆ. ಸೂಜಿ ತೆಗೆದು ಹತ್ತಿ ಒತ್ತಿದೆ. ಅಪ್ಪ ತೋಳು ಮಡಚಿಕೊಂಡರು.

"ತಪ್ಪು ಕೊಟ್ನಾ?"

"ಪರವಾಗಿಲ್ಲ ಅಪ್ಪ."

"ಕೇಳಿದ್ದಕ್ಕೆ ಹೇಳು."

"ಹೂಂ. ಅದು ಹಸಿರು." ಆಮೇಲೆ ಬಾಯಿಗೆ ಬಂದದ್ದೆಲ್ಲ ಬಂದುಬಿಟ್ಟಿತು. "ಬೈಕಿನ ದೀಪಾನೂ ಹಾಗೇ. ಕೆಂಪು ಇದ್ರೂ ಹಸಿರು ಅಂತೀರ. ನಿಮಗೆ... ಈಚೆಗೆ ಏನಾದ್ರೂ ಮರೆತು ಹೋಗುತ್ತಾ?"

ಅಪ್ಪ ನನ್ನ ಮುಖವನ್ನೇ ನೋಡಿದರು. "ಮರೆವಾ? ನೀನು ಮೂರನೇ ಕ್ಲಾಸಲ್ಲಿ ಎಷ್ಟು ಪೆನ್ಸಿಲ್ ಡಬ್ಬಿ ಕಳೆದೆ, ಯಾವ ಯಾವ ತಿಂಗಳು, ಹೇಳ್ಲಾ? ಡಬ್ಬಿ ಬಣ್ಣ ಮಾತ್ರ ಕೇಳ್ಬೇಡ."

ಹತ್ತಿ ಎತ್ತಿ ನೋಡಿದರು, ಮತ್ತೆ ಒತ್ತಿಕೊಂಡರು.

"ಕೆಂಪು ಹಸಿರು ಎರಡೂ ನನಗೆ ಒಂದೇ ಪುಟ್ಟಿ. ಹುಟ್ಟಿದಾಗಿಂದ."

"ವೈರಿಂಗ್ ಮಾಡ್ತಿದ್ರಲ್ಲ ಅಪ್ಪ. ಐವತ್ತು ವರ್ಷ."

"ಮತ್ತೆ? ಬಣ್ಣ ಕಾಣಲ್ಲ ಅಂದ್ರೆ ಯಾರು ನನ್ನ ಹತ್ರ ಗಾಡಿ ಬಿಡ್ತಿದ್ರು? ವೈರ್ ಎಲ್ಲಿಂದ ಹೊರಡುತ್ತೆ, ಎಷ್ಟು ದಪ್ಪ, ಅದರಲ್ಲೇ ಮುಕ್ಕಾಲು ತಿಳಿಯುತ್ತೆ. ತಿಳೀದೆ ಇದ್ದಿದ್ದಕ್ಕೆ ನಿಮ್ಮಮ್ಮ ಇದ್ಲು. ಅವಳು ಊಟ ತರೋವರೆಗೂ ಬರೀ ಬಿಚ್ಚೋದು, ಒರೆಸೋದು. ಜೋಡಿಸೋದು ಮಧ್ಯಾಹ್ನ ಒಂದರ ಮೇಲೆ, ಅವಳು ಬಣ್ಣ ಹೇಳಿದ ಹಾಗೆ."

ಅಮ್ಮ ದಿನಾ ಊಟ ಕೊಟ್ಟು ಒಂದು ತಾಸು ಅಂಗಡಿಯಲ್ಲೇ ಕೂರುತ್ತಿದ್ದರು. ಅಪ್ಪನ ಮೇಲಿನ ಪ್ರೀತಿ ಅಂತ ನೆಂಟರೆಲ್ಲ ಛೇಡಿಸುತ್ತಿದ್ದರು. ಅಮ್ಮ ನಗುತ್ತಿದ್ದರು, ಅಷ್ಟೇ. ಕೊನೆಯವರೆಗೂ ಬಾಯಿ ಬಿಡಲಿಲ್ಲ.

"ನೀನು ಸ್ಕೂಲಿಗೆ ಸೇರಿದ ಮೇಲೆ ಸಂಜೆ ಕೆಲಸಾನೂ ಒಪ್ಕೊಂಡೆ," ಅಂದರು ಅಪ್ಪ.

ಆಗ ಹೊಳೆಯಿತು. ಸ್ಕೂಲಿಂದ ಬಂದು ಅಂಗಡಿಯ ಟೈರಿನ ಮೇಲೆ ಕೂತಿರುತ್ತಿದ್ದೆ. ಅಪ್ಪ ವೈರ್ ಎತ್ತಿ ಹಿಡಿಯುತ್ತಿದ್ದರು. ಇಂಗ್ಲಿಷಲ್ಲಿ ಹೇಳು ನೋಡೋಣ, ಇದೇನು? ರೆಡ್. ಇದು? ಗ್ರೀನ್. ಗಿರಾಕಿಗಳು ತಲೆದೂಗುತ್ತಿದ್ದರು, ಎಷ್ಟು ಚುರುಕು ಮಗು. ನಾನು ಉಬ್ಬಿಹೋಗುತ್ತಿದ್ದೆ.

"ನಾನು ನಿಮಗೆ ಹೆಮ್ಮೆ ಅಂದ್ಕೊಂಡಿದ್ದೆ ಅಪ್ಪ."

"ಹೆಮ್ಮೆನೂ ಇತ್ತು. ವೈರೂ ಬೇಕಿತ್ತು."

"ಮತ್ತೆ ದಿನಾ ಬೆಳಿಗ್ಗೆ ಹಸಿರು ಹಸಿರು ಅಂತ..."

"ಉರೀತಿತ್ತಲ್ಲ. ಗಾಡಿ ಓಡ್ತಿದೆ, ದೀಪ ಉರೀತಿದೆ. ಹಸಿರೇ ಇರ್ಬೇಕು ಅಂದ್ಕೊಂಡೆ. ಹೊರಡೋವಾಗ ನಿನಗೊಂದು ಒಳ್ಳೆ ಮಾತು..." ತಟ್ಟನೆ ನಿಲ್ಲಿಸಿದರು. ಮುಖ ಬದಲಾಯಿತು. ನನ್ನ ಅಪ್ಪ ಹೋಗಿ ಮೆಕ್ಯಾನಿಕ್ ಬಂದು ಕೂತರು. "ತಡಿ. ಕೆಂಪು ಇತ್ತು ಅಂದ್ಯಾ? ಎಂಜಿನ್ ಓಡ್ತಿದ್ದಾಗ್ಲೇ?"

"ಹೂಂ."

"ರಸ್ತೇಲಿ ಹೋದ್ರೆ ಹಸಿರು?"

"ಹತ್ತು ನಿಮಿಷಕ್ಕೆ."

ಬೆರಳು ಮಡಚುತ್ತ ಹೋದರು. ಈ ಬೈಕಿನಲ್ಲಿ ಎಂಜಿನ್ ಓಡಿದರೆ ಹೆಡ್‌ಲೈಟ್ ತಾನಾಗಿಯೇ ಉರಿಯುತ್ತದೆ, ಆರಿಸಲು ಸ್ವಿಚ್ಚೇ ಇಲ್ಲ. ನಿಂತಲ್ಲೇ ಸಣ್ಣಗೆ ಓಡಿದರೆ ಬ್ಯಾಟರಿ ತುಂಬುವುದಿಲ್ಲ, ಇಳಿಯುತ್ತದೆ. ಕಾಲು ಗಂಟೆ ಇಳಿದದ್ದರ ಮೇಲೆ ನಾನು ಹನ್ನೆರಡು ಮನೆಯೆದುರು ನಿಲ್ಲಿಸಿ ಹನ್ನೆರಡು ಸಲ ಗುಂಡಿ ಒತ್ತುತ್ತೇನೆ. ಮನೆಯಿಂದ ಮನೆಗೆ ಇರುವುದು ಮೂರ್ನಾಲ್ಕು ಬೀದಿ. ತುಂಬಲು ಬಿಡುವೆಲ್ಲಿ?

"ಜನವರಿಯಿಂದ ತಾನೇ ಗಾಡಿ ಕೈಕೊಡ್ತಿರೋದು?"

ಟ್ಯೂಬುಗಳಿಗೆ ಹೆಸರಿನ ಚೀಟಿ ಅಂಟಿಸತೊಡಗಿದೆ.

"ನಾನು ಬಂದಿದ್ದೂ ಜನವರಿ," ಅಂದರು. "ನಿನ್ನ ಬ್ಯಾಟರಿ ಮುಗಿಸ್ತಿದ್ದೋನು ನಾನೇ. ದೀಪ ಪಾಪ ದಿನಾ ಬೆಳಿಗ್ಗೆ ಹೇಳ್ತಿತ್ತು. ಹೇಳ್ತಿದ್ದಿದ್ದು ಯಾರಿಗೆ ನೋಡು. ಈ ಮನೇಲಿ ಅದನ್ನ ಓದೋಕೆ ಬಾರದ ಒಬ್ಬನೇ ಒಬ್ಬನಿಗೆ."

ಮೊದಲು ನಕ್ಕದ್ದು ಯಾರು, ಗೊತ್ತಿಲ್ಲ. ಹತ್ತಿ ಜಾರಿ ಬಿತ್ತು, ತೋಳಿಂದ ರಕ್ತ ಇಳಿಯಿತು, ಒರೆಸುತ್ತ ಮತ್ತೆ ನಕ್ಕೆವು. ಐದು ದಿನದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಯಾವಾಗ ಎದ್ದುಹೋಯಿತೋ.

"ಅಳಿಯಂದ್ರಿಗೆ ಮಾತ್ರ ಹೇಳ್ಬೇಡ," ಅಂದರು.

ಮಾರ್ಚ್ 21, ಶುಕ್ರವಾರ

ರಿಪೋರ್ಟ್ ಬಂತು. ಎಲ್ಲ ಸರಿಯಾಗಿದೆ. "ಎಪ್ಪತ್ತನಾಲ್ಕಾ? ನನಗಿಂತ ಚೆನ್ನಾಗಿದೆ. ಯಾಕೆ ಮಾಡಿಸಿದ್ರಿ?" ಅಂದರು ಮೇಡಂ. ಸುಮ್ಮನೆ ಅಂದೆ.

ಬೆಳಿಗ್ಗೆ ಐದಕ್ಕೆ ಅಂಗಳದಲ್ಲಿ ಸದ್ದಿರಲಿಲ್ಲ. ಹೋಗಿ ನೋಡಿದರೆ ಅಪ್ಪ ಬೈಕಿನ ಪಕ್ಕ ಕೈ ಕಟ್ಟಿ ನಿಂತಿದ್ದಾರೆ, ಏನು ಮಾಡಲಿ ಅನ್ನುವ ಹಾಗೆ. ನಿರಾಳವಾದದ್ದು ನನಗೆ, ಕೆಲಸ ಹೋದದ್ದು ಅವರಿಗೆ. ಇದು ಸರಿಯಲ್ಲ.

ಮಾರ್ಚ್ 23, ಭಾನುವಾರ

ದೀಪ ಬದಲಾಯಿಸಿದೆವು. ರಸ್ತೆಯ ಸಿಗ್ನಲ್ ದೀಪ ಹೇಗೆ ತಿಳಿಯುತ್ತೆ ಅಂತ ನಿನ್ನೆ ಅಪ್ಪನನ್ನು ಕೇಳಿದ್ದೆ. "ಮೇಲಿನದು ನಿಲ್ಲು, ಕೆಳಗಿನದು ಹೋಗು. ಅದಕ್ಕೆ ಬಣ್ಣ ಯಾಕೆ?" ಅಂದಿದ್ದರು. ಹಾಗಾದರೆ ಇಲ್ಲೂ ಯಾಕೆ? ಎರಡು ಬಣ್ಣ ತೋರಿಸುವ ಒಂದು ದೀಪದ ಬದಲು ಎರಡು ದೀಪ, ಒಂದರ ಕೆಳಗೊಂದು. ಮೇಲಿನದು ಉರಿದರೆ ಬ್ಯಾಟರಿ ಇಳಿಯುತ್ತಿದೆ, ಕೆಳಗಿನದು ಉರಿದರೆ ತುಂಬುತ್ತಿದೆ.

ಈ ಸಲ ಬೆಸುಗೆ ಹಾಕಿದ್ದು ನಾನು. ಅಪ್ಪ ಸ್ಟೂಲಿನ ಮೇಲೆ. ಯಾವುದು ಯಾವ ಬಣ್ಣ ಅಂತ ಮುಚ್ಚುಮರೆಯಿಲ್ಲದೆ ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ. ಎರಡು ಬೆರಳು ಸುಟ್ಟುಕೊಂಡೆ. "ಚುಚ್ಚೋಳಿಗೂ ಸ್ವಲ್ಪ ಗೊತ್ತಾಗ್ಲಿ," ಅಂದರು.

ಹೊಸ ಕ್ರಮ: ಬೆಳಿಗ್ಗೆ ಅಪ್ಪ ಸ್ಟಾರ್ಟ್ ಮಾಡುವುದಿಲ್ಲ. ಬೈಕು ಹೊರಗೆ ತಂದು, ಇಬ್ಬನಿ ಒರೆಸಿ, ಟೈರು ಒತ್ತಿ ನೋಡಿ, ಐಸ್ ಬಾಕ್ಸ್ ಕಟ್ಟುವುದು. ನಾನು ಬಂದು ಸ್ಟಾರ್ಟ್ ಮಾಡಿ ನಿಲ್ಲದೆ ಹೊರಡುವುದು. ಗೇಟಿನ ಹತ್ತಿರ ಎಂಜಿನ್ ಜೋರಾದಾಗ ಯಾವುದು ಉರಿಯುತ್ತಿದೆ ಅಂತ ಅವರು ಕೂಗಿ ಹೇಳುವುದು.

ಇವರು ಎಲ್ಲ ನೋಡುತ್ತ ಕೂತಿದ್ದರು. ಒಳಗೆ ಬಂದಾಗ ಮೆಲ್ಲಗೆ ಅಂದರು, "ಮಾವನಿಗೆ ಬಣ್ಣ ಕಾಣಲ್ಲ ಅಲ್ವಾ?"

ಯಾರು ಹೇಳಿದರು ಅಂದೆ.

"ಯಾರು ಹೇಳ್ಬೇಕು? ಅವರು ಮಾರ್ಕೆಟ್‌ನಿಂದ ಟೊಮೆಟೊ ತರೋದು ನೋಡಿದೀಯಾ? ಕೆಂಪು ಒಂದಿದ್ರೆ ಕಾಯಿ ನಾಲ್ಕು. ಫೆಬ್ರವರಿಲೇ ಅನುಮಾನ ಬಂತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಅವರು ಹೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಸಾರು ಸ್ವಲ್ಪ ಹುಳಿ ಆಯ್ತು ಅಷ್ಟೇ."

ನಾನೂ ಎರಡು ತಿಂಗಳು ಅದೇ ಟೊಮೆಟೊ ಹೆಚ್ಚಿದ್ದೇನೆ. ಚೌಕಾಸಿಯಲ್ಲಿ ಸೋತರೇನೋ ಅಂದುಕೊಂಡಿದ್ದೆ. ನನ್ನ ಕಣ್ಣು ಏನು ನೋಡುತ್ತಿತ್ತು?

ಮಾರ್ಚ್ 31, ಸೋಮವಾರ. ಮಧ್ಯಾಹ್ನ 1.15

ಇಪ್ಪತ್ತೆಂಟು ದಿನ, ಬೈಕು ಒಮ್ಮೆಯೂ ನಿಲ್ಲಲಿಲ್ಲ.

ಮೇಡಂ ಕರೆಸುತ್ತಾರೆ ಅಂತ ಬೆಳಿಗ್ಗೆಯಿಂದ ಕಾದೆ. ಏನು ಹೇಳಬೇಕು ಅಂತ ಮೂರು ವಾಕ್ಯ ಹೊಂದಿಸಿಕೊಂಡಿದ್ದೆ. ಕರೆಯಲಿಲ್ಲ. ಹನ್ನೆರಡೂವರೆಗೆ ನಾನೇ ಹೋಗಿ ಬಾಗಿಲಲ್ಲಿ ನಿಂತೆ.

"ಮೇಡಂ, ಏಪ್ರಿಲ್..."

"ಏಪ್ರಿಲ್‌ಗೆ ಏನು?"

"ಕೌಂಟರ್ ಅಂದಿದ್ರಿ."

ಕನ್ನಡಕದ ಮೇಲಿಂದ ನೋಡಿದರು. "ಗಾಡಿ ಸರಿ ಹೋಯ್ತಲ್ಲ?" ಹೌದು ಅಂದೆ. "ಮತ್ತೆ ಯಾಕೆ ನೆನಪು ಮಾಡ್ತೀರಾ?" ಅಂದು ಏಪ್ರಿಲ್‌ನ ಪಟ್ಟಿ ಚಾಚಿದರು. ಹನ್ನೆರಡು ಮನೆ, ಮೇಲೆ ನನ್ನ ಹೆಸರು. ಟೀಚರಮ್ಮ ಫೋನ್ ಮಾಡಿ, ಚುಚ್ಚಿದರೆ ಅವಳೇ ಚುಚ್ಚಬೇಕು ಅಂದಿದ್ದರಂತೆ. ಹೊಂದಿಸಿಕೊಂಡ ಮೂರೂ ವಾಕ್ಯ ವ್ಯರ್ಥ. ಮೆಟ್ಟಿಲ ಮೇಲೆ ಕೂತು ನೀರು ಕುಡಿದೆ. ಇಡೀ ಬಾಟಲಿ.

ಏಪ್ರಿಲ್ 3, ಗುರುವಾರ. ಬೆಳಿಗ್ಗೆ 10.20

ಕೊನೆಯ ಮನೆಯ ಹೊರಗೆ, ಬೈಕಿನ ಮೇಲೆ ಕೂತು. ಈ ಮನೆಯವರಿಗೆ ತಿಂಡಿ ತಿಂದು ಎರಡು ತಾಸಾದ ಮೇಲೆ ಇನ್ನೊಂದು ಸಲ ರಕ್ತ ತೆಗೆಯಬೇಕು. ಇನ್ನೂ ಹತ್ತು ನಿಮಿಷ ಇದೆ. ಬಿಸಿಲು ಹಿತವಾಗಿದೆ.

ಅಪ್ಪನ ಫೋನ್. ಬಟ್ಟೆ ಅಂಗಡಿಯಲ್ಲಿದ್ದಾರೆ, ಒಬ್ಬರೇ. ಇದುವರೆಗೆ ಅವರ ಅಂಗಿಗಳನ್ನೆಲ್ಲ ಅಮ್ಮನೇ ಆರಿಸಿದ್ದು.

"ಪುಟ್ಟಿ, ಒಂದು ಅಂಗಿ ಹಿಡಿಸಿದೆ. ನನಗೆ ಬೂದಿ ಬಣ್ಣ ಕಾಣುತ್ತೆ, ಅಂಗಡಿಯವನೂ ಹೌದು, ಗಂಭೀರವಾಗಿದೆ ಅಂತಾನೆ. ನನಗೆ ಬಣ್ಣ ಕಾಣಲ್ಲಪ್ಪ, ಮಗಳನ್ನ ಕೇಳ್ತೀನಿ ಅಂತ ಅವನಿಗೂ ಹೇಳಿದೆ. ಫೋಟೋ ಕಳಿಸ್ತಿದ್ದಾನೆ, ನೋಡಿ ಹೇಳು. ನಿಜ ಹೇಳು."

ಅವನಿಗೂ ಹೇಳಿದೆ ಅಂದರಲ್ಲ. ಅಂಗಡಿಯಲ್ಲಿ, ಎಲ್ಲರ ಎದುರಿಗೆ, ಜೋರಾಗಿ.

ಫೋಟೋ ಬಂತು. ಅಪ್ಪ ಅಂಗಿಯನ್ನು ಎದೆಗೆ ಹಿಡಿದು ನಿಂತಿದ್ದಾರೆ, ಸ್ಕೂಲಿನ ಫೋಟೋಗೆ ನಿಂತ ಹಾಗೆ. ಬೂದಿಯಲ್ಲ. ಗುಲಾಬಿ. ಮಕ್ಕಳ ಐಸ್‌ಕ್ರೀಮಿನ ಗುಲಾಬಿ. ಮುಖದಲ್ಲಿ ಎಂಥ ಕಳೆ. ಬೇಡ ಅನ್ನಲಾ? ನಿಜ ಹೇಳಿ, ಆದರೂ ತಗೊಳ್ಳಿ ಅನ್ನಲಾ? ಅಮ್ಮ ಇದ್ದಿದ್ದರೆ...

ಒಳಗಿಂದ ಕರೆಯುತ್ತಿದ್ದಾರೆ. ತಡೀರಿ, ಒಂದೇ ನಿಮಿಷ. ಬರೆದೆ: ಅಪ್ಪ, ಅದು ಗುಲಾಬಿ. ನಿಮಗೆ ತುಂಬ ಒಪ್ಪುತ್ತೆ. ತಗೊಳ್ಳಿ.